ಯಾದಿ ಸರ್ ಇಟ್ಟ ಚುಕ್ಕಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಅವರು ಬದುಕಿದ್ದಾಗಲೇ, ಅವರ ಎದುರಿಗೇ ಆಡಿದ್ದೇನೆ. ಹಾಗಾಗಿ ಈಗ ಹೊಸದಾಗಿ ಪಾಪ ಕಟ್ಟಿಕೊಳ್ಳುವ ಪ್ರಶ್ನೆಯಿಲ್ಲ.

ಕಳೆದ ತಿಂಗಳು ಬೈಲಹೊಂಗಲದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಕೊರಳಿಗೆ ಸೇವಂತಿಗೆ ಹಾರ, ಕೆಳಗೆ ದೀಪದ ಚಿತ್ರ. ಹಿಂದೆಯೇ ಸಾಲಾಗಿ ಮುಗಿದ ಕೈಗಳು ಬಂದವು. ನಾನು ರಾಮದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ಗಿರಮಿಟ್ಟು ತಿನ್ನುತ್ತಿದ್ದೆ. ಕೈ ಮುಗಿಯಲಿಲ್ಲ. ಕೈಯಲ್ಲಿ ಗಿರಮಿಟ್ಟು ಇತ್ತು ಎಂದು ನೆಪ ಹೇಳುವುದಿಲ್ಲ, ಕೈ ಖಾಲಿ ಇದ್ದರೂ ಮುಗಿಯುತ್ತಿರಲಿಲ್ಲ. ಆದರೆ ಸುಮ್ಮನಂತೂ ಇರುತ್ತಿದ್ದೆ. ಸುಮ್ಮನಿರಲು ಬಿಡದವನು ಕಿತ್ತೂರಿನ ಒಬ್ಬ ಹಳೆಯ ವಿದ್ಯಾರ್ಥಿ. ಸಂಜೆ ಅವನು ಬರೆದ: "ಅಸಿಸ್ಟಂಟ್ ಮೇಡಂ ಒಬ್ಬರು ಹೆಸರಿನ ಮೊದಲಿಗೆ ಚುಕ್ಕಿ ಇಟ್ಟು ಮುಚ್ಚಿಟ್ಟಿದ್ದ ಫೈಲುಗಳನ್ನು ಸರ್ ಒಂದೇ ಕಮಾಂಡಿನಲ್ಲಿ ಹೊರಗೆಳೆದ ಕಥೆ ಮರೆಯಲು ಸಾಧ್ಯವೇ? ಅಂಥ ಗುರುಗಳು ಇನ್ನು ಸಿಗಲಾರರು." ಅದರ ಕೆಳಗೆ ಹಲವರು, ಹೌದು ಹೌದು, ನಮ್ಮ ಬ್ಯಾಚಿಗೂ ಹೇಳಿದ್ದರು ಎಂದು ಬರೆದರು.

ಆ ಅಸಿಸ್ಟಂಟ್ ಮೇಡಂ ನಾನು. ಚುಕ್ಕಿ ಇಟ್ಟವರು ಸರ್. ಹೊರಗೆಳೆದವಳು ನಾನು. ನನ್ನನ್ನು ಕೆಲಸದಿಂದ ಓಡಿಸಿದ್ದು ಸಾಲದೆ, ವರ್ಷ ವರ್ಷವೂ ಹೊಸ ಹುಡುಗರ ಮುಂದೆ ನನ್ನನ್ನು ಕಳ್ಳಿ ಮಾಡಿ, ಹಿಡಿದ ಪೊಲೀಸನ ಪಾತ್ರವನ್ನು ತಾವು ಇಟ್ಟುಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಅವರು ಸತ್ತ ಮೇಲೆ. ಬೈದು ಬರಬೇಕೆಂದರೆ ಆಸಾಮಿಯೇ ಇಲ್ಲ. ಅದಕ್ಕೇ ಬರೆಯಲು ಕೂತೆ.

ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಬೈಲಹೊಂಗಲದ ಸುತ್ತ ಯಾರ ಹೆಸರು ಎತ್ತಿದರೂ ಅವರು ಹೇಗೋ ನಮಗೆ ಬೀಗರೇ ಆಗಿಬಿಟ್ಟಿರುತ್ತಾರೆ, ಆಮೇಲೆ ಮದುವೆ ಮನೆಗಳಲ್ಲಿ ಊಟ ಇಳಿಯುವುದಿಲ್ಲ. ನಾವೆಲ್ಲ ಅವರನ್ನು ಯಾದಿ ಸರ್ ಎನ್ನುತ್ತಿದ್ದೆವು. ಅಷ್ಟು ಸಾಕು.

ಅವರು ಮೂಲದಲ್ಲಿ ಗಣಿತದ ಮಾಸ್ತರರು. ಕಾಲೇಜಿಗೆ ಕಂಪ್ಯೂಟರ್ ಬಂದಾಗ ಯಾರನ್ನಾದರೂ ಮುಖ್ಯಸ್ಥರನ್ನಾಗಿ ಮಾಡಬೇಕಿತ್ತು, ಇವರನ್ನು ಮಾಡಿದರು. ಸಣಕಲು ಮೈ, ಕೊರಳಿನ ತನಕ ಹಾಕಿದ ಗುಂಡಿ, ಹಣೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದಂಥ ವಿಭೂತಿ. ಜೇಬಿನಲ್ಲಿ ಎರಡು ಕರವಸ್ತ್ರ, ಒಂದು ಮೂಗಿಗೆ, ಇನ್ನೊಂದು ಕೀಬೋರ್ಡಿಗೆ. ಎರಡೂ ಎಂದೂ ಅದಲುಬದಲಾಗಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಲ್ಯಾಬಿನ ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಕು. ಬಿಡದೆ ಬಂದವನನ್ನು, "ಯಾಕೋ, ನಿಮ್ಮ ಮನಿ ದೇವರ ಜಗಲಿಗೂ ಹಿಂಗ ಹೋಗ್ತೀಯೇನ?" ಎಂದು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. ಎಲ್ಲರ ಮುಂದೆ ಎಂಬುದು ಅವರಿಗೆ ಬಹಳ ಮುಖ್ಯ. ಒಬ್ಬನೇ ಇದ್ದಾಗ ಯಾರನ್ನೂ ಬೈದವರಲ್ಲ.

ನಮ್ಮ ಲ್ಯಾಬಿನಲ್ಲಿ ಬಣ್ಣದ ಚಿತ್ರಗಳ ಕಂಪ್ಯೂಟರ್ ಅಲ್ಲ, ಕಪ್ಪು ಪರದೆಯ ಮೇಲೆ ಅಕ್ಷರ ಹೊಡೆದು ಕೆಲಸ ಮಾಡಿಸುವ ಲಿನಕ್ಸ್ ಇತ್ತು. ಅದರಲ್ಲಿ ಮೊದಲು ಕಲಿಯುವ ಕಮಾಂಡು ಎಲ್ ಎಸ್. ಎರಡಕ್ಷರ ಹೊಡೆದು ಎಂಟರ್ ಒತ್ತಿದರೆ, ನೀವು ನಿಂತಿರುವ ಡೈರೆಕ್ಟರಿಯೊಳಗೆ ಯಾವ ಯಾವ ಫೈಲು, ಒಳಗೆ ಯಾವ ಯಾವ ಡೈರೆಕ್ಟರಿ ಇವೆಯೋ ಅವುಗಳ ಹೆಸರು ಸಾಲಾಗಿ ಬರುತ್ತವೆ. ಸರ್ ಕಲಿತದ್ದೂ ಅದೇ ಮೊದಲು. ಮೊದಲು ಕಲಿತರು, ಅಲ್ಲೇ ಉಳಿದರು. ಉಳಿದ ಕಮಾಂಡುಗಳ ಜೊತೆ ಅವರದು ಬಸ್ಸಿನಲ್ಲಿ ಸಿಕ್ಕವರ ಪರಿಚಯ, ಎಲ್ ಎಸ್ ಜೊತೆ ಸಂಸಾರ.

ಆದರೆ ಆ ಒಂದನ್ನು ಅವರು ಕಲಿಸುತ್ತಿದ್ದ ಚಂದ ನೋಡಬೇಕಿತ್ತು. ಸಿಟ್ಟಿದ್ದರೂ ಇದನ್ನು ಬರೆಯದಿದ್ದರೆ ನನಗೂ ಅವರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಸಂಪಗಾಂವಿನಿಂದ, ನೇಸರಗಿಯಿಂದ ಬಂದ ಹುಡುಗರು ಕಪ್ಪು ಪರದೆ ಕಂಡು ಬೆವರುತ್ತಿದ್ದರು. ಸರ್ ಅವರ ಹಿಂದೆ ನಿಂತು, "ಕತ್ತಲ ಮನ್ಯಾಗ ಹೊಕ್ಕೀದಿ ಅನ್ಕೋ. ಮೊದಲ ಏನ ಮಾಡ್ತೀದಿ? ಓಡ್ಯಾಡ್ತೀಯೇನು? ಇಲ್ಲ. ನಿಂತಲ್ಲೇ ನಿಂತು ಸುತ್ತ ಏನೇನೈತಿ ಅಂತ ಕೈ ಆಡಸ್ತೀದಿ. ಎಲ್ ಎಸ್ ಅಂದ್ರ ಅಷ್ಟ. ಎಲ್ಲಿ ನಿಂತೀನಿ, ಸುತ್ತ ಏನೈತಿ, ಇಷ್ಟು ಗೊತ್ತಾದ್ರ ಕಂಪ್ಯೂಟರ್ ಅಂಜಸೂದಿಲ್ಲ" ಎನ್ನುತ್ತಿದ್ದರು. ಹುಡುಗರ ಹೆದರಿಕೆ ಹೋಗುತ್ತಿತ್ತು. ನನ್ನದೂ ಹೋದದ್ದು ಹಾಗೆಯೇ.

ಯಾದಿ ಎಂಬ ಹೆಸರು ಬಂದದ್ದು ಅವರ ಗಾದೆಯಿಂದ. ನಮ್ಮ ಕಡೆ ಪಟ್ಟಿಗೆ ಯಾದಿ ಎನ್ನುತ್ತೇವೆ. ಮದುವೆ ಗೊತ್ತಾದಾಗ ಎರಡೂ ಮನೆಯವರು ಕೂತು ಯಾರು ಯಾರಿಗೆ ಏನು ಉಡಿಸಬೇಕು, ಊಟ ಯಾರ ಕಡೆ ಎಂದು ಬರೆದುಕೊಳ್ಳುವುದಕ್ಕೂ ಯಾದಿ ಎಂದೇ ಹೆಸರು. ಸರ್ ಪ್ರಕಾರ ಫೈಲು ಅಳಿಸುವುದು, ಒಂದು ಕಡೆಯಿಂದ ಇನ್ನೊಂದು ಕಡೆ ಒಯ್ಯುವುದು ಎಲ್ಲ ಶಾದಿ, ಅಂದರೆ ಮದುವೆ. "ಮೊದಲ ಯಾದಿ, ಆಮ್ಯಾಲ ಶಾದಿ. ಎಲ್ ಎಸ್ ಹೊಡೀದ ಯಾವದಕ್ಕೂ ಕೈ ಹಚ್ಚಬ್ಯಾಡ್ರಿ." ಒಳ್ಳೆಯ ಮಾತು. ನಾನೂ ಇವತ್ತಿಗೂ ನನ್ನ ಹುಡುಗರಿಗೆ ಹೇಳುತ್ತೇನೆ, ಯಾರ ಮಾತು ಎಂದು ಮಾತ್ರ ಹೇಳುವುದಿಲ್ಲ.

ಅದರ ಬೆನ್ನಿಗೆ ಇನ್ನೊಂದು ಮಾತಿತ್ತು: "ಯಾದ್ಯಾಗ ಇಲ್ಲಂದ್ರ ಇಲ್ಲ." ಇದು ಲ್ಯಾಬಿಗೆ ಮಾತ್ರ ಸೀಮಿತವಾಗಿದ್ದರೆ ಆಗುತ್ತಿತ್ತು. ನೇಸರಗಿಯಲ್ಲಿ ನಮ್ಮ ಅಕ್ಕನ ಮದುವೆಯ ಯಾದಿ ಆದಾಗ, ಅಕ್ಷರ ದುಂಡಗಿವೆ ಎಂದು ಗಂಡಿನ ಕಡೆಯವರು ಬರೆಯಲು ಕರೆತಂದದ್ದು ಇವರನ್ನೇ. ಎಲ್ಲ ಬರೆದು, ಓದಿ, ಎರಡೂ ಕಡೆಯವರು ಸಕ್ಕರೆ ಬಾಯಿಗೆ ಹಾಕಿಕೊಂಡ ಮೇಲೆ ನಮ್ಮಪ್ಪನಿಗೆ ನೆನಪಾಯಿತು, ಅಜ್ಜಿಗೆ ಉಡಿಸುವ ಸೀರೆ ಬರೆಸಿಲ್ಲ ಎಂದು. ಗಂಡಿನ ಕಡೆಯವರೇ, "ಅದಕ್ಕೇನ್ರಿ, ಬರೀರಿ" ಎಂದರು. ಸರ್ ಪೆನ್ನಿನ ಟೊಪ್ಪಿಗೆ ಹಾಕಿಬಿಟ್ಟಿದ್ದರು. "ಯಾದಿ ಮುಗೀತು. ಯಾದ್ಯಾಗ ಇಲ್ಲಂದ್ರ ಇಲ್ಲ" ಎಂದರು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ, "ಯಾದ್ಯಾಗ ಇರಲಿಕ್ಕಂದ್ರೂ ನಾ ಇಲ್ಲೇ ಕುಂತೇನಲ್ಲೋ ಮಾಸ್ತರಾ" ಎಂದಳು. ಎಲ್ಲರೂ ನಕ್ಕರು. ಸರ್ ಮಾತ್ರ ನಗಲಿಲ್ಲ. ಸೀರೆಯನ್ನು ಬೀಗರು ಆಮೇಲೆ ತಾವಾಗಿ ತಂದುಕೊಟ್ಟರು.

ಇಷ್ಟೆಲ್ಲ ನೋಡಿಯೂ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಓದು ಮುಗಿದಿತ್ತು, ಲ್ಯಾಬಿಗೆ ಅಸಿಸ್ಟಂಟ್ ಬೇಕಾಗಿತ್ತು, ಸರ್ ಅವರೇ ಹೇಳಿ ಕಳಿಸಿದ್ದರು. ಕಮಾಂಡುಗಳ ವಿವರ ಓದಬೇಕೆಂದರೆ ಮ್ಯಾನ್ ಎಂಬ ಇನ್ನೊಂದು ಕಮಾಂಡು ಇದೆ. ಮ್ಯಾನ್ ಎಂದು ಹೊಡೆದು ಮುಂದೆ ಎಲ್ ಎಸ್ ಎಂದರೆ ಎಲ್ ಎಸ್ ಬಗ್ಗೆ ಇದ್ದದ್ದೆಲ್ಲ ತೆರೆದುಕೊಳ್ಳುತ್ತದೆ. ಅದು ಹೇಗೆಂದು ಒಮ್ಮೆ ಕೇಳಿದೆ. "ಮ್ಯಾನ್ ಯಾಕವಾ ನಿನಗ ಈಗ? ಮದಿವ್ಯಾದ ಮ್ಯಾಲ ಸಿಗತಾನ ತಗೋ" ಎಂದರು. ಹುಡುಗರು ಗೊಳ್ಳೆಂದರು. ನಾನೂ ನಕ್ಕೆ, ನಗದೆ ಏನು ಮಾಡಲಿ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಬದಲು ಅವರು ಹೀಗೆ ನಗೆ ಎಬ್ಬಿಸಿ ದಾಟಿಕೊಳ್ಳುತ್ತಿದ್ದರು ಎಂದು ಆಗ ತಿಳಿದಿರಲಿಲ್ಲ.

ಆ ವರ್ಷದ ಖಂಡೇಪೂಜೆ ಬಂತು. ಬೇರೆ ಕಡೆ ಆಯುಧಪೂಜೆ ಅನ್ನುತ್ತಾರಲ್ಲ, ಅದು. ಮಿಷನ್ನುಗಳಿಗೆಲ್ಲ ವಿಭೂತಿ ಬಳಿದು, ಸರ್ವರ್ ಕಂಪ್ಯೂಟರಿಗೆ ಹಾರ ಹಾಕಿ, ಕಾಯಿ ಒಡೆದೆವು. ರಜೆ ಮುಗಿಯುತ್ತಲೇ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಹುಡುಗರು ಇಡೀ ಸೆಮಿಸ್ಟರ್ ಮಾಡಿದ ಕೆಲಸವನ್ನು ಪರೀಕ್ಷಕರಿಗೆ ತೋರಿಸಲು ಒಂದೇ ಹೊಸ ಡೈರೆಕ್ಟರಿಗೆ ಹಾಕಬೇಕಿತ್ತು. ಒಳ್ಳೆಯ ದಿನ, ಇವತ್ತೇ ಆಗಲಿ ಎಂದು ಸರ್ ಕೂತರು. ನಾನು ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಹೊಸ ಡೈರೆಕ್ಟರಿಗೆ 'ಪರೀಕ್ಷೆ' ಎಂದು ಹೆಸರು ಹೊಡೆಯಬೇಕು. ಹೊಡೆಯುವ ಮುಂಚೆ ತಡೆದು ನಿಂತರು.

"ಎಲ್ಲಾದಕ್ಕೂ ಕುಂಕುಮ ಹಚ್ಚಿದಿವಿ, ಇದಕ್ಕ ಹಚ್ಚೂದು ಬ್ಯಾಡೇನವಾ?" ಎಂದವರೇ ಬೆರಳನ್ನು ಬಟ್ಟಲಿಗೆ ಅದ್ದಿ, ಕೀಬೋರ್ಡಿನ ಚುಕ್ಕಿಯ ಕೀಲಿ ಒತ್ತಿದರು. ಪರದೆಯ ಮೇಲೆ ಚುಕ್ಕಿ ಮೂಡಿತು. ಆ ಚುಕ್ಕಿಯ ಬೆನ್ನಿಗೆ ಹೆಸರು ಹೊಡೆದರು. "ನೋಡು, ಹಣಿ ಮ್ಯಾಲ ಬೊಟ್ಟು ಇಟ್ಟಂಗ ಆತು" ಎಂದರು. ಚಂದವೇ ಕಂಡಿತು, ನನಗೂ. ಫೈಲುಗಳನ್ನೆಲ್ಲ ಅದರೊಳಕ್ಕೆ ಸರಿಸಿದರು. ಅಷ್ಟರಲ್ಲಿ ಪ್ರಾಂಶುಪಾಲರು ಮಂಗಳಾರತಿಗೆ ಕರೆದರು. ಆ ದಿನ ಶಾದಿ ಆಯಿತು, ಯಾದಿ ಆಗಲಿಲ್ಲ. ಎಲ್ ಎಸ್ ಹೊಡೆಯದೆ ಎದ್ದುಹೋದರು. ಕೆಂಪಾದ ಕೀಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟವಳು ನಾನು.

ಗೊತ್ತಿದ್ದವರು ಈಗಾಗಲೇ ಹಣೆ ಬಡಿದುಕೊಂಡಿರುತ್ತೀರಿ. ಲಿನಕ್ಸಿನಲ್ಲಿ ಹೆಸರು ಚುಕ್ಕಿಯಿಂದ ಶುರುವಾದರೆ ಆ ಫೈಲು, ಆ ಡೈರೆಕ್ಟರಿ ಗುಪ್ತ. ಬರೀ ಎಲ್ ಎಸ್ ಅದನ್ನು ತೋರಿಸುವುದಿಲ್ಲ. ಕುಂಕುಮವಿಟ್ಟು ಸರ್ ಅದನ್ನು ಕಣ್ಮರೆ ಮಾಡಿದ್ದರು.

ರಜೆ ಮುಗಿದು, ಪರೀಕ್ಷಕರು ಧಾರವಾಡದಿಂದ ಬಂದು ಕುರ್ಚಿಯಲ್ಲಿ ಕೂತರು. ಸರ್ ಎಲ್ ಎಸ್ ಹೊಡೆದರು. ಏನೂ ಬರಲಿಲ್ಲ. ಮತ್ತೆ ಹೊಡೆದರು. 'ಪರೀಕ್ಷೆ' ಎಂಬ ಹೆಸರು ಹೊಡೆದು ಒಳಗೆ ಹೋಗಲು ನೋಡಿದರು, ಅಂಥದ್ದೊಂದು ಇಲ್ಲವೆಂದು ಬಂತು. ಚುಕ್ಕಿ ಸೇರಿಸಿ ಹೊಡೆಯಬೇಕೆಂದು ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬೊಟ್ಟು ಇಟ್ಟುಕೊಂಡವರನ್ನು ಯಾರೂ ಬೊಟ್ಟು ಸೇರಿಸಿ ಕೂಗುವುದಿಲ್ಲವಲ್ಲ. ಸರ್ ಹಣೆ ಬೆವರಿ ವಿಭೂತಿ ಹಸಿಯಾಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ಪಾಸ್‌ವರ್ಡ್ ಇರೂದು ಇಬ್ಬರ ಹಂತ್ಯಾಕ. ಒಂದು ನನ್ನ ಹಂತ್ಯಾಕ, ಒಂದು ನಿನ್ನ ಹಂತ್ಯಾಕ. ಯಾಕವಾ ಅಳಿಸಿದಿ?"

"ನಾ ಅಳಿಸಿಲ್ರಿ ಸರ್. ನೀವ ಮಾಡಿದ್ರಲ್ಲ, ಖಂಡೇಪೂಜಿ ದಿನ, ನಾನೂ ನೋಡೇನಿ."

"ಹಂಗಾರ ಎಲ್ಲೈತಿ ತೋರ್ಸು. ಯಾದ್ಯಾಗ ಇಲ್ಲಂದ್ರ ಇಲ್ಲ. ನಾಳಿಂದ ಬರಬ್ಯಾಡ."

ಹುಡುಗರೆಲ್ಲ ಇದ್ದರು, ಪರೀಕ್ಷಕರು ಇದ್ದರು. ಎಲ್ಲರ ಮುಂದೆ. ಒಂದು ಹುಡುಗಿ ಅಳುತ್ತಾ, "ಯಾಕ್ರೀ ಮೇಡಂ ಹಿಂಗ ಮಾಡಿದ್ರಿ?" ಎಂದು ನನ್ನನ್ನೇ ಕೇಳಿದಳು. ನಾನು ಹೊಸ್ತಿಲ ಹೊರಗಿನ ರಾಶಿಯಲ್ಲಿ ನನ್ನ ಚಪ್ಪಲಿ ಹುಡುಕಿಕೊಂಡು ಮನೆಗೆ ಬಂದೆ. ಪರೀಕ್ಷೆ ಮುಂದೆ ಹೋಯಿತು, ಹುಡುಗರು ಎಲ್ಲವನ್ನೂ ಮತ್ತೆ ಮಾಡಿದರು, ಪ್ರತಿ ಅಕ್ಷರಕ್ಕೂ ನನಗೆ ಶಾಪ ಹಾಕಿದರು.

ಕೆಲಸ ಹೋದದ್ದು ನುಂಗಬಹುದಿತ್ತು. ಹೆಸರು ಹೋದದ್ದು ನುಂಗಲಾಗಲಿಲ್ಲ. ನನ್ನನ್ನು ನೋಡಲು ಬಂದ ಗಂಡಿನ ತಾಯಿ ಅವಲಕ್ಕಿ ತಿನ್ನುತ್ತಾ, "ಹುಡುಗೋರ ಪರೀಕ್ಷಾ ಹಾಳ ಮಾಡಿದಾಕಿ ಈಕೀನ ಏನ್ರಿ?" ಎಂದು ಕೇಳಿದಳು. ಸವದತ್ತಿಯ ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ತರಬೇತಿಯವರು ಕೆಲಸ ಕೊಟ್ಟರು. ಕೊಡುವಾಗ ಅದರ ಮಾಲೀಕರು, "ಇಲ್ಲೇನೂ ಅಳಸೂದಿಲ್ಲಲ್ಲ ತಂಗಿ?" ಎಂದು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಅಲ್ಲಿಯೂ ಲಿನಕ್ಸ್ ಇತ್ತು. ಕಲಿಸುವುದಕ್ಕೆ ಮುಂಚೆ ನಾನೇ ಸರಿಯಾಗಿ ಕಲಿಯೋಣ ಎಂದು ಒಂದು ಮಧ್ಯಾಹ್ನ ಮ್ಯಾನ್ ಎಂದು ಹೊಡೆದು ಎಲ್ ಎಸ್ ಬಗ್ಗೆ ಓದತೊಡಗಿದೆ. ಮದುವೆಗೆ ಮುಂಚೆಯೇ, ಯಾರ ಅಪ್ಪಣೆಯೂ ಇಲ್ಲದೆ. ಮೊದಲಲ್ಲೇ ಇತ್ತು: ಎಲ್ ಎಸ್ ಮುಂದೆ ಒಂದು ಹೈಫನ್, ಒಂದು ಎ ಹಾಕಿದರೆ, ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನೂ ಬಿಡದೆ ತೋರಿಸುತ್ತದೆ. ಓದಿದೆ. ಕೆಂಪು ಕೀಲಿ ಕಣ್ಣ ಮುಂದೆ ಬಂತು. ಅಳು ಬರಲಿಲ್ಲ, ಹಸಿವಾಯಿತು. ಅಂಥ ಹಸಿವು ಆಮೇಲೆ ಎಂದೂ ಆಗಿಲ್ಲ.

ಮರುದಿನ ರಜೆ ಹಾಕಿ ಬೈಲಹೊಂಗಲದ ಬಸ್ಸು ಹತ್ತಿದೆ. ಸರ್ ಲ್ಯಾಬಿನಲ್ಲಿ ಕ್ಲಾಸು ತೆಗೆದುಕೊಳ್ಳುತ್ತಿದ್ದ ಹೊತ್ತು ನೋಡಿಯೇ ಹೋದೆ. ಚಪ್ಪಲಿ ಹಾಕಿಕೊಂಡೇ ಲ್ಯಾಬಿನ ಒಳಗೆ ನಡೆದೆ. ಹೊಸ ಹುಡುಗರು ಬಾಯಿ ಬಿಟ್ಟು ನೋಡಿದರು.

"ಸರ್, ನಿಮ್ಮ ಖುರ್ಚಿ ಸ್ವಲ್ಪ ಬಿಡ್ರಿ" ಎಂದೆ. ಯಾಕೋ ಎದ್ದರು. ಅವರೇ ಎಲ್ ಎಸ್ ಹೊಡೆಯುತ್ತಿದ್ದ ಜಾಗದಲ್ಲಿ ಹೈಫನ್ ಎ ಸೇರಿಸಿ ಹೊಡೆದೆ. ಬಂತು. ಚುಕ್ಕಿ, ಅದರ ಬೆನ್ನಿಗೆ 'ಪರೀಕ್ಷೆ'. ಒಳಗೆ ಹೋಗಿ ಮತ್ತೆ ಹೊಡೆದೆ. ಹೋದ ಬ್ಯಾಚಿನ ಪ್ರತಿ ಹುಡುಗನ ಕೆಲಸ, ಒಂದೂ ಬಿಡದೆ, ಖಂಡೇಪೂಜೆಯ ದಿನ ಇಟ್ಟ ಹಾಗೆಯೇ ಕೂತಿತ್ತು.

ಸರ್ ಕನ್ನಡಕ ತೆಗೆದು, ಮೂಗಿನ ಕರವಸ್ತ್ರದಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ತಿಳಿಯಿತು ಅವರಿಗೆ. ಮುಖದಲ್ಲಿ ತಿಳಿದದ್ದು ನಾನು ಕಂಡೆ.

"ನಾ ಅಳಿಸಿದ್ದಿಲ್ಲ ಅಂತ ಈ ಹುಡುಗೋರ ಮುಂದ ಒಂದ ಮಾತು ಹೇಳ್ರಿ ಸರ್" ಎಂದೆ. ಬೇರೆ ಏನೂ ಕೇಳಲಿಲ್ಲ. ಕೆಲಸ ಕೇಳಲಿಲ್ಲ.

ಅವರು ಹುಡುಗರ ಕಡೆ ತಿರುಗಿ ನಕ್ಕರು. "ನೋಡ್ರಿ, ಹೆಂಗ ಹುಡುಕಿದಳು! ನನ್ನ ಕೈಯಾಗ ಕಲ್ತಾಕಿ" ಎಂದರು. ನನಗೆ, "ಬಿಸಿಲಾಗ ಬಂದೀದಿ, ಚಾ ಕುಡದು ಹೋಗವಾ" ಎಂದರು.

"ನಿಮ್ಮ ಚಾ ನಿಮಗ ಇರ್ಲಿ. ಬರೀ ಎಲ್ ಎಸ್ ಹೊಡದವ್ರಿಗೆ ನೀವು ದೊಡ್ಡ ಮನಶ್ಯಾರು ಕಾಣ್ತೀರಿ ಸರ್. ಹೈಫನ್ ಎ ಹಾಕಿದವ್ರಿಗೆ ನಿಮ್ಮ ಒಳಗಿಂದೆಲ್ಲಾ ಕಾಣತೈತಿ" ಎಂದು ಹೇಳಿ ಬಂದೆ. ಅವರು ಬದುಕಿದ್ದಾಗ ನಾನು ಆಡಿದ ಕೆಟ್ಟ ಮಾತು ಇದೇ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ರಾಮದುರ್ಗದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಮದುವೆಯಾಯಿತು. ಸರ್ ಮಾತ್ರ ಅತ್ತ, ನಾನು ತೋರಿಸಿಕೊಟ್ಟ ಕಮಾಂಡನ್ನೇ ಕಲಿಸುತ್ತಾ, ನನ್ನನ್ನೇ ಅದರ ಕಳ್ಳಿಯನ್ನಾಗಿ ಮಾಡಿ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು.

ಗುಂಪಿನಲ್ಲಿ ಶ್ರದ್ಧಾಂಜಲಿ ಸಭೆಯ ಸುದ್ದಿ ಬಂತು. ಹೋದೆ. ದುಃಖಕ್ಕೆ ಹೋದೆ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಒಳ್ಳೆಯತನ. ಬೈಲಹೊಂಗಲದ ಆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸರ್ ಹೆಂಡತಿ ಸೆರಗು ಹೊದ್ದು ಕೂತಿದ್ದರು. ಕಿತ್ತೂರಿನ ಆ ಹುಡುಗನೇ ಮೈಕು ಹಿಡಿದು ಎಲ್ಲರನ್ನೂ ಕರೆಯುತ್ತಿದ್ದ. ನಾನು ಯಾರೆಂದು ಹೇಳಿ, ನಾನೂ ಮಾತಾಡಬೇಕು ಎಂದಾಗ ಅವನ ಮುಖದಲ್ಲಿ ಸಣ್ಣ ನಗು ಬಂತು. "ಸರ್ ಹೇಳ್ತಿದ್ದ ಕಥಿಯೊಳಗಿನ ಮೇಡಂ ಬಂದಾರ" ಎಂದು ಕರೆದ. ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಖಂಡೇಪೂಜೆ, ಕುಂಕುಮ, ಚುಕ್ಕಿ, ನಾಳಿಂದ ಬರಬ್ಯಾಡ ಎಂದದ್ದು, ನಾನು ಬಂದು ಹುಡುಕಿದ್ದು. ಇಲ್ಲಿ ಬರೆದದ್ದಕ್ಕಿಂತ ಮೆತ್ತಗೆ ಹೇಳಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಎದ್ದು, "ಮೇಡಂ, ಹೋದಾವರು ಬಂದು ಉತ್ತರ ಕೊಡ್ತಾರೇನ್ರಿ? ನಿಮ್ಮದೊಂದ ಮಾತು ಹೆಂಗ ನಂಬೂದು?" ಎಂದರು. ಕಿತ್ತೂರಿನವನು, "ಇರ್ಲಿ ಬಿಡ್ರಿ ಮೇಡಂ, ಇದು ಅದಕ್ಕ ಹೊತ್ತಲ್ಲ" ಎಂದು ಮೈಕಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಮತ್ತೊಮ್ಮೆ, ಅದೇ ಊರಲ್ಲಿ, ಎಲ್ಲರ ಮುಂದೆ, ಸುಳ್ಳುಗಾತಿಯಾಗಿ ನಿಂತಿದ್ದೆ.

ಸರ್ ಹೆಂಡತಿ ಕೈ ಸನ್ನೆ ಮಾಡಿ ಹತ್ತಿರ ಕರೆದರು. ಬಗ್ಗಿದೆ. ಕಿವಿಯಲ್ಲಿ ಹೇಳಿದರು: "ನೀ ಬಂದು ಹೋದ ದಿನ ಮನಿಗೆ ಬಂದು ಉಣಲಿಲ್ಲವಾ ಅವರು. 'ಆ ಹುಡುಗೀದು ತಪ್ಪಿಲ್ಲ, ನಂದ ತಪ್ಪು' ಅಂತ ನನ್ನ ಮುಂದ ಅತ್ತರು. ಕಾಲೇಜಿನ್ಯಾಗ ಹೇಳ್ರಿ ಅಂದೆ. 'ಮಾಸ್ತರ ತಪ್ಪ ಮಾಡ್ಯಾನಂತ ಹುಡುಗೋರಿಗೆ ಗೊತ್ತಾಗಬಾರದು' ಅಂದ್ರು. ಮನಸ್ಸಿನ್ಯಾಗ ಇಟ್ಕೋಬ್ಯಾಡ ತಂಗಿ."

ಇಷ್ಟು ವರ್ಷ ನಾನು ಕಾದ ಮಾತು ಅದು. ಅಡುಗೆಮನೆಯಲ್ಲಿ, ಅದನ್ನು ಕೇಳಿ ಏನೂ ಆಗಬೇಕಿರದ ಒಬ್ಬರ ಮುಂದೆ ಹೇಳಿ ಮುಗಿಸಿದ್ದರು. ನನಗೆ ಕರುಣೆ ಬರಲಿಲ್ಲ. ಬೈದದ್ದು ಬಜಾರಿನಲ್ಲಿ, ಅತ್ತದ್ದು ಬಾಗಿಲು ಹಾಕಿಕೊಂಡು.

"ಅಕ್ಕಾರ, ಇದನ್ನ ಮೈಕಿನ್ಯಾಗ ಹೇಳ್ರಿ" ಎಂದೆ. ಗಂಡ ಸತ್ತು ಇನ್ನೂ ತಿಂಗಳು ತುಂಬದ ಹೆಂಗಸಿಗೆ ಇಂಥದ್ದು ಕೇಳಬಾರದು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಅವರು ನನ್ನ ಮುಖ ನೋಡಿದರು. ವೇದಿಕೆಯ ಮೇಲಿನ ಫೋಟೊ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಈಕಿ ಅಳಿಸಿದ್ದಿಲ್ಲ. ಮುಚ್ಚಿಟ್ಟಿದ್ದೂ ಇಲ್ಲ. ಚುಕ್ಕಿ ಇಟ್ಟಾವರು ನಮ್ಮ ಮನಿಯವರು. ಅವರ ಬಾಯಲೇ ನಾ ಕೇಳೇನಿ" ಎಂದರು. ಮೈಕು ನನ್ನ ಕೈಗೆ ಕೊಟ್ಟು ಕೂತರು.

ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾನು ಮೈಕನ್ನು ಕುರ್ಚಿಯ ಮೇಲಿಟ್ಟು, ಒಬ್ಬಳೇ ನಿಂತು ತಟ್ಟಿದೆ.